‘ಹೋಮ್ ನರ್ಸ್ ಬೇಕು’ ಎನ್ನುವ ಮೊದಲು ಕೆಲಸಗಳ ಪಟ್ಟಿ ಮಾಡಿ

ಪ್ರಶ್ನೆ: ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ, ಡಾಂಬರು ರಸ್ತೆ ಬಿಟ್ಟು ಒಳಗಿರುವ ಮನೆ. ಮಾವನವರಿಗೆ 72 ವರ್ಷ, ತೂಕ ಸುಮಾರು 55 ಕೆ.ಜಿ., ಸಕ್ಕರೆ ಕಾಯಿಲೆ ಇದೆ, ಇನ್ಸುಲಿನ್ ಕೊಡುತ್ತಿದ್ದಾರೆ. ಮೂರು ವಾರದ ಹಿಂದೆ ಸ್ಟ್ರೋಕ್ ಆಗಿ ಬಲಭಾಗ ಬಿದ್ದುಹೋಯಿತು, ಮಾತೂ ನಿಂತಿದೆ. ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದಾರೆ. ಮೂಗಿನಲ್ಲಿ ಊಟದ ಪೈಪು, ಮೂತ್ರಕ್ಕೆ ಕ್ಯಾಥೆಟರ್, ಸೊಂಟದ ಹಿಂದೆ ಸಣ್ಣ ಹಾಸಿಗೆ ಹುಣ್ಣು ಇದೆ. ನಾಲ್ಕು ದಿನದಲ್ಲಿ ಡಿಸ್ಚಾರ್ಜ್ ಮಾಡುತ್ತೇವೆ ಎಂದಿದ್ದಾರೆ. ಏಜೆನ್ಸಿಯೊಂದು ‘24 ಗಂಟೆಯ ಹೋಮ್ ನರ್ಸ್’ ಕಳಿಸುತ್ತೇವೆ ಎನ್ನುತ್ತಿದೆ. ಬರುವವರು ನಿಜಕ್ಕೂ ನರ್ಸೇ? ನಾವು ಏನು ಕೇಳಬೇಕು? ಮಳೆಗಾಲ ಬೇರೆ ಹತ್ತಿರ ಬಂತು. ಮನೆಯಲ್ಲಿ ನಾನು, ಯಜಮಾನರು, ಅತ್ತೆ ಮೂವರೇ.

ಉತ್ತರ: ‘24 ಗಂಟೆಯ ಹೋಮ್ ನರ್ಸ್’ ಎಂಬ ಹೆಸರಿನಲ್ಲಿ ಬರುವವರಲ್ಲಿ ಹೆಚ್ಚಿನವರು ನರ್ಸಿಂಗ್ ಓದಿದವರಲ್ಲ, ಆರೈಕೆ ಸಹಾಯಕರು. ಅದರಲ್ಲಿ ತಪ್ಪೇನಿಲ್ಲ. ಒಳ್ಳೆಯ ಸಹಾಯಕಿ ಸಿಕ್ಕಿದರೆ ಮನೆಯ ಅರ್ಧ ಭಾರ ಇಳಿಯುತ್ತದೆ. ಆದರೆ ಸಹಾಯಕಿಯನ್ನು ನರ್ಸ್ ಎಂದು ನಂಬಿ ಕ್ಯಾಥೆಟರ್ ಬದಲಿಸಲು ಬಿಟ್ಟರೆ ಅಪಾಯ. ಮೈ ಒರೆಸಲು, ಮಗ್ಗುಲು ಬದಲಿಸಲು ಓದಿದ ನರ್ಸ್‌ಗೆ ತಿಂಗಳಿಡೀ ಸಂಬಳ ಕೊಟ್ಟರೆ ಹಣ ವ್ಯರ್ಥ. ನೀವು ಬರೆದಿರುವುದನ್ನು ನೋಡಿದರೆ ಮಾವನವರಿಗೆ ದಿನವಿಡೀ ನರ್ಸ್ ಬೇಕಿಲ್ಲ. ಹಗಲಿಗೆ ಪಳಗಿದ ಸಹಾಯಕರೊಬ್ಬರು, ವಾರಕ್ಕೆ ಎರಡು ಸಲ ಬಂದು ಹೋಗುವ ನೋಂದಾಯಿತ ನರ್ಸ್, ಫಿಸಿಯೋಥೆರಪಿಸ್ಟ್, ಫೋನಿಗೆ ಸಿಗುವ ವೈದ್ಯರು ಬೇಕು. ಇವೆಲ್ಲಕ್ಕಿಂತ ಮುಖ್ಯವಾಗಿ, ಈ ನಾಲ್ಕು ದಿನದಲ್ಲಿ ನೀವೂ ಯಜಮಾನರೂ ಕೈಯಾರೆ ಕೆಲಸ ಕಲಿತಿರಬೇಕು.

ಒಂದು ಹಾಳೆಯಲ್ಲಿ ದಿನದ ಕೆಲಸಗಳನ್ನೆಲ್ಲ ಬರೆದು ಮೂರು ಗುಂಪು ಮಾಡಿ. ಕಲಿತರೆ ಮನೆಯವರೇ ಮಾಡಬಹುದಾದದ್ದು ಮೊದಲನೆಯ ಗುಂಪು: ಮಗ್ಗುಲು ಬದಲಿಸುವುದು, ಮೈ ಒರೆಸುವುದು, ದಿನಕ್ಕೆ ಎರಡು ಸಲ ಬಾಯಿ ಶುಚಿ, ಪೈಪಿನಲ್ಲಿ ಆಹಾರ, ಮೂತ್ರದ ಬ್ಯಾಗ್ ಖಾಲಿ ಮಾಡುವುದು, ಬಿ.ಪಿ. ಮತ್ತು ಸಕ್ಕರೆ ನೋಡುವುದು, ಚರ್ಮದಡಿಗೆ ಇನ್ಸುಲಿನ್ ಕೊಡುವುದು. ಎರಡನೆಯದು ನೋಂದಾಯಿತ ನರ್ಸ್ ಮಾಡಬೇಕಾದದ್ದು: ಕ್ಯಾಥೆಟರ್ ಬದಲಾವಣೆ, ಊಟದ ಪೈಪಿನ ಬದಲಾವಣೆ, ಹುಣ್ಣನ್ನು ಅಳೆದು ಡ್ರೆಸ್ಸಿಂಗ್ ನಿರ್ಧರಿಸುವುದು, ವೈದ್ಯರ ಬರಹದ ಮೇಲೆ ನರಕ್ಕೆ ಅಥವಾ ಮಾಂಸಖಂಡಕ್ಕೆ ಇಂಜೆಕ್ಷನ್. ಮೂರನೆಯದು ವೈದ್ಯರದ್ದು: ಮಾತ್ರೆಯ ಪ್ರಮಾಣ ಏರಿಸುವುದು, ಇಳಿಸುವುದು, ಹೊಸ ಔಷಧ, ಹುಣ್ಣಿನ ಸತ್ತ ಮಾಂಸ ಕತ್ತರಿಸಬೇಕೇ ಎಂಬ ತೀರ್ಮಾನ. ಎರಡನೆಯ ಗುಂಪಿನ ಕೆಲಸ ನಿಮ್ಮ ಮನೆಯಲ್ಲಿ ವಾರಕ್ಕೆ ಎರಡು ಮೂರು ಗಂಟೆ ದಾಟುವುದಿಲ್ಲ. ಏಜೆನ್ಸಿಯ ಮುಂದೆ ಈ ಹಾಳೆ ಇಟ್ಟು ‘ಯಾವ ಕೆಲಸಕ್ಕೆ ಯಾರನ್ನು ಕಳಿಸುತ್ತೀರಿ’ ಎಂದು ಕೇಳಿ. ಅಲ್ಲಿಗೆ ಮಾತು ತಾನಾಗಿ ಸರಿದಾರಿಗೆ ಬರುತ್ತದೆ.

ದಿನವಿಡೀ ನರ್ಸ್ ನಿಜವಾಗಿ ಬೇಕಾಗುವ ಸಂದರ್ಭಗಳೂ ಇವೆ. ಉಸಿರಾಟಕ್ಕೆಂದು ಗಂಟಲಿಗೆ ತೂತು ಮಾಡಿ ಹಾಕಿದ ಟ್ರೆಕಿಯಾಸ್ಟಮಿ ಟ್ಯೂಬ್ ಇದ್ದು ಪದೇಪದೇ ಕಫ ಎಳೆಯಬೇಕಾದವರು, ಉಸಿರಾಟದ ಯಂತ್ರದ ಮೇಲಿರುವವರು, ಹತೋಟಿಗೆ ಬಾರದ ಫಿಟ್ಸ್ ಇರುವವರು, ದಿನಕ್ಕೆ ಮೂರು ನಾಲ್ಕು ಸಲ ನರಕ್ಕೆ ಔಷಧ ಹೋಗಬೇಕಾದವರು. ಅಂಥವರನ್ನು ಶಿವಮೊಗ್ಗದಿಂದ 60 ಕಿಲೋಮೀಟರ್ ದೂರದ ತೀರ್ಥಹಳ್ಳಿಗೂ ಆಚೆಯ ಒಂಟಿಮನೆಗೆ ನೇರವಾಗಿ ಕರೆದೊಯ್ಯುವುದು ಸರಿಯಲ್ಲ. ಒಂದು ತಿಂಗಳ ಮಟ್ಟಿಗೆ ಪೇಟೆಯಲ್ಲಿ ಆಸ್ಪತ್ರೆಗೆ ಹತ್ತಿರ ನೆಲಮಾಳಿಗೆಯಲ್ಲದ, ಮೆಟ್ಟಿಲಿಲ್ಲದ ಬಾಡಿಗೆ ಮನೆ ಹಿಡಿಯುವುದೇ ಕ್ಷೇಮ. ನಿಮ್ಮ ಮಾವನವರು ಈ ಸಾಲಿಗೆ ಸೇರಿದವರಲ್ಲ.

ಬರುವವರು ಯಾರು ಎಂದು ತಿಳಿಯುವುದು ಕಷ್ಟವಲ್ಲ. ಬಿ.ಎಸ್‌ಸಿ. ನರ್ಸಿಂಗ್ ನಾಲ್ಕು ವರ್ಷದ್ದು, ಜಿ.ಎನ್.ಎಂ. ಮೂರು ವರ್ಷದ್ದು, ಎ.ಎನ್.ಎಂ. ಎರಡು ವರ್ಷದ್ದು. ಇವರಿಗೆ ರಾಜ್ಯದ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಸಂಖ್ಯೆ ಇರುತ್ತದೆ. ಕೆಲವು ವಾರ ಅಥವಾ ಕೆಲವು ತಿಂಗಳ ತರಬೇತಿ ಪಡೆದವರು ಸಹಾಯಕರು, ಅವರಿಗೆ ಈ ನೋಂದಣಿ ಇರುವುದಿಲ್ಲ. ಬಿಳಿ ಅಂಗಿಯಾಗಲಿ, ಕೊರಳಿನ ಗುರುತಿನ ಚೀಟಿಯಾಗಲಿ ಸಾಕ್ಷಿಯಲ್ಲ. ನೋಂದಣಿ ಪತ್ರದ ಪ್ರತಿ ಕೇಳಿ, ಅದರ ಹೆಸರನ್ನು ಆಧಾರ್ ಜೊತೆ ಹೋಲಿಸಿ, ನವೀಕರಣದ ದಿನಾಂಕ ನೋಡಿ. ಫಿಸಿಯೋಥೆರಪಿಸ್ಟ್ ಎಂದರೆ ಬಿ.ಪಿ.ಟಿ. ಪದವಿ ಓದಿದವರು. ಎಣ್ಣೆ ಹಚ್ಚಿ ತಿಕ್ಕುವವರು ಬೇರೆ, ಇವರು ಬೇರೆ.

ಪತ್ರ ಸರಿಯಿದ್ದರೂ ಕೈಕೆಲಸ ಗೊತ್ತೇ ಎಂದು ನೋಡಬೇಕು. ನಾಲ್ಕು ಪ್ರಶ್ನೆ ಸಾಕು. ಪೈಪಿನಲ್ಲಿ ಊಟ ಹಾಕುವ ಮೊದಲು ಏನು ನೋಡುತ್ತೀರಿ? ಮಗ್ಗುಲು ಬದಲಿಸುವಾಗ ಮೂತ್ರದ ಬ್ಯಾಗ್ ಎಲ್ಲಿಡುತ್ತೀರಿ? ಸೊಂಟದ ಮೇಲೆ ಕೆಂಪಾದರೆ ಏನು ಮಾಡುತ್ತೀರಿ? ಬಿ.ಪಿ. ಯಾವ ಕೈಯಲ್ಲಿ ನೋಡುತ್ತೀರಿ? ಸರಿಯಾದ ಉತ್ತರಗಳು ಕೆಳಗೆ ಅಲ್ಲಲ್ಲಿ ಬರುತ್ತವೆ. ‘ಕೆಂಪಾದರೆ ಚೆನ್ನಾಗಿ ಮಸಾಜ್ ಮಾಡುತ್ತೇನೆ’ ಎಂದವರನ್ನು ಬೇಡ ಎನ್ನಿ.

ಡಿಸ್ಚಾರ್ಜ್‌ಗೆ ಮೊದಲು ವೈದ್ಯರನ್ನು ಕೇಳಲೇಬೇಕಾದ ಮಾತೊಂದಿದೆ: ಈ ಎರಡು ಪೈಪುಗಳಲ್ಲಿ ಯಾವುದು ಇನ್ನೂ ಅಗತ್ಯ? ಸ್ಟ್ರೋಕ್ ಆದ ಹೊಸದರಲ್ಲಿ ಹಾಕಿದ ಕ್ಯಾಥೆಟರ್ ಎಷ್ಟೋ ಸಲ ‘ಇರಲಿ, ಅನುಕೂಲ’ ಎಂದು ಹಾಗೇ ಉಳಿಯುತ್ತದೆ. ಮೂತ್ರ ಕಟ್ಟುವ ತೊಂದರೆ ಇಲ್ಲದಿದ್ದರೆ ಅದನ್ನು ತೆಗೆದು, ಗಂಡಸರಿಗೆ ಹೊರಗಿನಿಂದಷ್ಟೇ ತೊಡಿಸುವ ಕಾಂಡೋಮ್ ಕ್ಯಾಥೆಟರ್ ಅಥವಾ ಡೈಪರ್ ಸಾಕೇ ಎಂದು ಕೇಳಿ. ತೆಗೆದು ನೋಡುವ ಪ್ರಯೋಗ ಆಸ್ಪತ್ರೆಯಲ್ಲೇ ನಡೆಯಲಿ. ಅಲ್ಲಿ ಮೂತ್ರ ಕಟ್ಟಿದರೆ ಅರ್ಧ ಗಂಟೆಯಲ್ಲಿ ಮತ್ತೆ ಹಾಕಬಹುದು, ನಿಮ್ಮ ಮನೆಯಲ್ಲಿ ರಾತ್ರಿ ಎರಡು ಗಂಟೆಗೆ ಅದು ಸಾಧ್ಯವಿಲ್ಲ. ನುಂಗುವ ಶಕ್ತಿಯೂ ಹಾಗೆಯೇ, ಅನೇಕರಿಗೆ ಕೆಲವು ವಾರಗಳಲ್ಲಿ ಮರಳುತ್ತದೆ. ನುಂಗುವ ಪರೀಕ್ಷೆ ಯಾವಾಗ ಎಂದು ದಿನಾಂಕ ಬರೆಸಿಕೊಳ್ಳಿ. ನಾಲ್ಕು ವಾರ ದಾಟಿಯೂ ಪೈಪು ಬೇಕೆನಿಸಿದರೆ ಹೊಟ್ಟೆಯ ಮೂಲಕ ನೇರ ಹಾಕುವ ಪಿ.ಇ.ಜಿ. ಟ್ಯೂಬ್ ಬಗ್ಗೆ ಮಾತಾಡಿ. ಈಗಿರುವುದು ಸಾಮಾನ್ಯ ಪಿ.ವಿ.ಸಿ. ರೈಲ್ಸ್ ಟ್ಯೂಬ್ ಆಗಿದ್ದರೆ ಒಂದೆರಡು ವಾರಕ್ಕೆ ಬದಲಿಸಬೇಕು. ಸಿಲಿಕೋನ್ ಅಥವಾ ಪಾಲಿಯುರೆಥೇನ್ ಟ್ಯೂಬ್ ನಾಲ್ಕರಿಂದ ಆರು ವಾರ ಬರುತ್ತದೆ. ದೂರದ ಮನೆಗೆ ಹೋಗುವವರು ಎರಡನೆಯದನ್ನೇ ಹಾಕಿಸಿಕೊಂಡು ಹೊರಡಬೇಕು. ಹೆಚ್ಚಿನ ದುಡ್ಡು ಒಂದು ಸಲದ ವಾಹನದ ಬಾಡಿಗೆಯಲ್ಲೇ ಉಳಿಯುತ್ತದೆ.

ಈ ನಾಲ್ಕು ದಿನ ವಾರ್ಡಿನಲ್ಲಿ ಸುಮ್ಮನೆ ಕೂರಬೇಡಿ. ಸ್ಟಾಫ್ ನರ್ಸ್ ಮಾಡುವುದನ್ನು ಒಮ್ಮೆ ನೋಡಿ, ನಂತರ ಅವರ ಎದುರು ನೀವೇ ಮಾಡಿ. ಆಹಾರ, ಮಗ್ಗುಲು, ಇನ್ಸುಲಿನ್ ಮೂರನ್ನೂ ನಿಮ್ಮಿಬ್ಬರಲ್ಲಿ ಪ್ರತಿಯೊಬ್ಬರೂ ಕಡೇಪಕ್ಷ ಮೂರು ಸಲ ಮಾಡಿರಬೇಕು. ಡಿಸ್ಚಾರ್ಜ್ ಹಾಳೆಯಲ್ಲಿ ಎರಡೂ ಟ್ಯೂಬುಗಳ ನಂಬರು, ಹಾಕಿದ ದಿನ, ಬದಲಿಸಬೇಕಾದ ದಿನ, ಊಟದ ಪೈಪು ಮೂಗಿನ ತುದಿಯಲ್ಲಿ ಎಷ್ಟನೇ ಸೆಂಟಿಮೀಟರಿಗೆ ಇದೆ, ಹುಣ್ಣಿನ ಉದ್ದಗಲ, ಫೋನ್ ಮಾಡಬೇಕಾದ ವೈದ್ಯರ ನಂಬರು ಇರಲೇಬೇಕು. ಇವಿಲ್ಲದಿದ್ದರೆ ತೀರ್ಥಹಳ್ಳಿಯಿಂದ ಬರುವ ನರ್ಸ್ ಕತ್ತಲಲ್ಲಿ ಕೈ ಆಡಿಸಬೇಕಾಗುತ್ತದೆ.

ಪೈಪಿನ ಊಟ: ಹೊಟ್ಟೆಗೆ ಹೋಗುವುದಕ್ಕಿಂತ ಶ್ವಾಸಕೋಶಕ್ಕೆ ಹೋಗದಂತೆ ನೋಡುವುದು ಮೊದಲು. ಪ್ರತಿ ಸಲ ಮೂಗಿನ ಬಳಿ ಹಾಕಿದ ಗುರುತು ಅಲ್ಲೇ ಇದೆಯೇ, ಬಾಯೊಳಗೆ ಟ್ಯೂಬ್ ಸುತ್ತಿಕೊಂಡಿದೆಯೇ ನೋಡಿ. ಸಿರಿಂಜಿನಿಂದ ಸ್ವಲ್ಪ ಹಿಂದಕ್ಕೆ ಎಳೆದಾಗ ಹೊಟ್ಟೆಯ ರಸ ಬರಬೇಕು. ಹುಳಿಯ ಅಂಶ ಅಳೆಯುವ ಪಿ.ಎಚ್. ಪಟ್ಟಿಯಲ್ಲಿ ಅದು 5.5 ಅಥವಾ ಅದಕ್ಕಿಂತ ಕಡಿಮೆ ತೋರಿಸಿದರೆ ಟ್ಯೂಬ್ ಹೊಟ್ಟೆಯಲ್ಲಿದೆ ಎಂದರ್ಥ. ಗ್ಯಾಸ್ಟ್ರಿಕ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅಂಕಿ ಹೆಚ್ಚು ಬರಬಹುದು. ಗಾಳಿ ಊದಿ ಸ್ಟೆತಸ್ಕೋಪಿನಲ್ಲಿ ಸದ್ದು ಕೇಳುವ ಪದ್ಧತಿ ಎಲ್ಲೆಡೆ ಇದೆ, ಆದರೆ ನಂಬುವಂಥದ್ದಲ್ಲ. ಟ್ಯೂಬ್ ಶ್ವಾಸನಾಳದಲ್ಲಿದ್ದರೂ ಸದ್ದು ಕೇಳಿಸುತ್ತದೆ. ಗುರುತು ಜರುಗಿದ್ದರೆ, ಕೆಮ್ಮು ಶುರುವಾಗಿದ್ದರೆ, ಅನುಮಾನ ಬಂದರೆ ಆ ಹೊತ್ತಿನ ಊಟ ನಿಲ್ಲಿಸಿ ಫೋನ್ ಮಾಡಿ. ಪೂರ್ತಿ ಕಿತ್ತುಬಂದ ಟ್ಯೂಬನ್ನು ಸಹಾಯಕರು ಮತ್ತೆ ತುರುಕಲು ಹೋಗಬಾರದು. ಸಾಧ್ಯವಿದ್ದಷ್ಟೂ ಆಸ್ಪತ್ರೆಯಲ್ಲೇ ಹಾಕಿಸಿ.

ತಲೆಯ ಕಡೆ 30ರಿಂದ 45 ಡಿಗ್ರಿ ಎತ್ತಿರಬೇಕು. ಊಟದ ನಂತರ ಇನ್ನೂ ಒಂದು ಗಂಟೆ ಹಾಗೆಯೇ ಇರಲಿ. ಮೊದಲು 30 ಎಂ.ಎಲ್. ನೀರು, ನಂತರ 200ರಿಂದ 250 ಎಂ.ಎಲ್. ಆಹಾರ, ಕೊನೆಗೆ ಮತ್ತೆ 30 ಎಂ.ಎಲ್. ನೀರು. ಸಿರಿಂಜಿನ ಒತ್ತುಕಡ್ಡಿ ತೆಗೆದು, ಸಿರಿಂಜನ್ನು ಒಂದಡಿ ಮೇಲೆ ಹಿಡಿದು ತಾನಾಗಿ ಇಳಿಯಲು ಬಿಡಿ, 15ರಿಂದ 20 ನಿಮಿಷ ಹಿಡಿಯುತ್ತದೆ. ಒತ್ತಿ ತಳ್ಳಿದರೆ ವಾಂತಿ, ವಾಂತಿಯಾದರೆ ನ್ಯುಮೋನಿಯಾ.

ಇನ್ನು ಏನು ಹಾಕುತ್ತೀರಿ ಎಂಬುದು. ಮಲೆನಾಡಿನ ಮನೆಗಳಲ್ಲಿ ಕಾಯಿಲೆ ಎಂದರೆ ಗಂಜಿ ತಿಳಿ, ಸಾರಿನ ನೀರು. ಪೈಪು ಕಟ್ಟಿಕೊಳ್ಳದಿರಲಿ ಎಂದು ಅದನ್ನು ಇನ್ನಷ್ಟು ತೆಳ್ಳಗೆ ಮಾಡುತ್ತಾರೆ. ಹೊಟ್ಟೆ ತುಂಬಿದಂತೆ ಕಾಣುತ್ತದೆ, ಮೈ ಕರಗುತ್ತದೆ, ಹುಣ್ಣು ದೊಡ್ಡದಾಗುತ್ತದೆ. 55 ಕೆ.ಜಿ. ತೂಕಕ್ಕೆ ದಿನಕ್ಕೆ ಸುಮಾರು 1,400ರಿಂದ 1,650 ಕ್ಯಾಲರಿ ಬೇಕು. ಹುಣ್ಣು ಇರುವುದರಿಂದ, ಕಿಡ್ನಿ ಸರಿಯಿದ್ದರೆ, 70ರಿಂದ 80 ಗ್ರಾಂ ಪ್ರೋಟೀನ್ ಬೇಕು. ಇದನ್ನು ಅಡುಗೆಮನೆಯಲ್ಲೇ ಹೊಂದಿಸಬಹುದು. ಮುಕ್ಕಾಲು ಲೀಟರ್ ಹಾಲು, 200 ಎಂ.ಎಲ್. ಮೊಸರನ್ನು ಕಡೆದ ಮಜ್ಜಿಗೆ, 100 ಗ್ರಾಂ ತೊಗರಿ ಅಥವಾ ಹೆಸರುಬೇಳೆ, 100 ಗ್ರಾಂ ರಾಗಿ ಹಿಟ್ಟು, ಚೆನ್ನಾಗಿ ಬೇಯಿಸಿ ಅರೆದ ಎರಡು ಮೊಟ್ಟೆ, ನಾಲ್ಕು ಟೀ ಚಮಚ ಎಣ್ಣೆ: ಇಷ್ಟರಲ್ಲಿ ಸುಮಾರು 1,500 ಕ್ಯಾಲರಿ, 70 ಗ್ರಾಂ ಪ್ರೋಟೀನ್ ಸಿಗುತ್ತದೆ. ಮೊಟ್ಟೆ ಮುಟ್ಟದ ಮನೆಯಾದರೆ ಆ ಜಾಗಕ್ಕೆ 35 ಗ್ರಾಂ ಕೆನೆ ತೆಗೆದ ಹಾಲಿನ ಪುಡಿ. ರಾಗಿಯನ್ನು ಮೊಳಕೆ ಬರಿಸಿ ಒಣಗಿಸಿ ಬೀಸಿಸಿ. ಮೊಳಕೆಯ ಹಿಟ್ಟಿನ ಗಂಜಿ ಗಟ್ಟಿಯಾಗುವುದಿಲ್ಲ, ಹಾಗಾಗಿ ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಿಡಿಯುತ್ತದೆ, ಪೈಪೂ ಕಟ್ಟುವುದಿಲ್ಲ. ಎಲ್ಲವನ್ನೂ ನುಣ್ಣಗೆ ಅರೆದು ಸೋಸಿ, ಬೆಳಗ್ಗೆ ಆರರಿಂದ ರಾತ್ರಿ ಎಂಟರವರೆಗೆ ಎರಡು ಗಂಟೆಗೊಮ್ಮೆ ಎಂಟು ಸಲಕ್ಕೆ ಹಂಚಿ. ಮಾಡಿಟ್ಟದ್ದು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು, ಫ್ರಿಜ್ಜಿನಲ್ಲಾದರೆ ಒಂದು ದಿನ. ಸಕ್ಕರೆ ಕಾಯಿಲೆ ಇರುವುದರಿಂದ ಈ ಪಟ್ಟಿಯನ್ನು ವೈದ್ಯರಿಗೆ ತೋರಿಸಿ, ಇನ್ಸುಲಿನ್ ಹೊತ್ತು, ಪ್ರಮಾಣ ಎರಡನ್ನೂ ಊಟದ ಹೊತ್ತಿಗೆ ಕೂಡಿಸಿಕೊಳ್ಳಿ.

ಇನ್ಸುಲಿನ್ ಕೊಟ್ಟ ಮೇಲೆ ವಾಂತಿಯಾದರೆ ಅಥವಾ ಟ್ಯೂಬ್ ಜಾರಿದರೆ ಸಕ್ಕರೆ ಇಳಿಯುವ ಅಪಾಯ ಇದೆ. ಮಾತಾಡಲಾರದವರು ಹೇಳಿಕೊಳ್ಳಲಾರರು. ತಣ್ಣನೆ ಬೆವರು, ತಳಮಳ, ಒಮ್ಮೆಗೇ ಮಂಪರು ಕಂಡರೆ ತಕ್ಷಣ ಬೆರಳಿನಿಂದ ರಕ್ತ ತೆಗೆದು ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆ ಕರಗಿಸಿದ ನೀರನ್ನು ಪೈಪಿನಲ್ಲಿ ಹಾಕಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಟ್ಯೂಬ್ ಜಾರಿದ್ದರೆ ಅದರಲ್ಲಿ ಏನೂ ಹಾಕಬೇಡಿ, ಬಾಯಿಗೂ ಸುರಿಯಬೇಡಿ. ನೇರ ಹತ್ತಿರದ ಆಸ್ಪತ್ರೆಗೆ ಹೊರಡಿ.

ಮಾತ್ರೆಗಳ ವಿಷಯದಲ್ಲಿ ಮನೆಗಳಲ್ಲಿ ಪದೇಪದೇ ಎಡವುವುದು ಇಲ್ಲಿ: ಹೆಸರಿನ ಮುಂದೆ ಎಸ್.ಆರ್., ಇ.ಆರ್., ಎಕ್ಸ್.ಎಲ್. ಎಂದಿರುವ ಮಾತ್ರೆಗಳನ್ನು ಪುಡಿ ಮಾಡಬಾರದು. ಇಡೀ ದಿನ ನಿಧಾನಕ್ಕೆ ಹೋಗಬೇಕಾದ ಔಷಧ ಒಮ್ಮೆಗೇ ಸುರಿದಂತಾಗುತ್ತದೆ. ಮೇಲ್ಪದರ ಇರುವ ಆಸ್ಪಿರಿನ್, ಪ್ಯಾಂಟೊಪ್ರಜೋಲ್ ಕೂಡ ಹಾಗೆಯೇ. ಡಿಸ್ಚಾರ್ಜ್ ದಿನವೇ ‘ಇವೆಲ್ಲ ಪೈಪಿಗೆ ಆಗುವ ರೂಪದಲ್ಲಿ ಬರೆದುಕೊಡಿ’ ಎಂದು ಕೇಳಿ. ಫಿಟ್ಸ್‌ಗೆ ಫೆನಿಟಾಯಿನ್ ಕೊಡುತ್ತಿದ್ದರೆ ಅದು ಊಟದ ಜೊತೆ ಹೋದಾಗ ಮೈಗೆ ಸರಿಯಾಗಿ ಹತ್ತುವುದಿಲ್ಲ, ಎಷ್ಟು ಅಂತರ ಬಿಡಬೇಕೆಂದು ಕೇಳಿಕೊಳ್ಳಿ. ಒಂದೊಂದು ಮಾತ್ರೆಯನ್ನೂ ಬೇರೆಬೇರೆ ಪುಡಿ ಮಾಡಿ, ನಡುನಡುವೆ ನೀರು ಹಾಯಿಸಿ.

ಹಾಸಿಗೆ ಹುಣ್ಣಿನ ಮದ್ದು ಮುಲಾಮಿನಲ್ಲಿಲ್ಲ, ಒತ್ತಡ ತೆಗೆಯುವುದರಲ್ಲಿದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ತೊಡೆಯ ಮೂಳೆಯ ಮೇಲೆ ಭಾರ ಬೀಳುತ್ತದೆ, ಆದ್ದರಿಂದ ಬೆನ್ನ ಹಿಂದೆ ದಿಂಬು ಕೊಟ್ಟು 30 ಡಿಗ್ರಿಯಷ್ಟು ಮಾತ್ರ ಓರೆ ಮಾಡಿ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಗಾಳಿಯಲ್ಲಿರುವಂತೆ ನೋಡಿ. ಎಳೆದು ಜರುಗಿಸಬೇಡಿ, ಅಡಿಗೆ ಹಾಸಿದ ಬಟ್ಟೆಯನ್ನು ಇಬ್ಬರು ಹಿಡಿದು ಎತ್ತಿ ಸರಿಸಿ. ಬಿದ್ದುಹೋದ ಬಲಗೈಯನ್ನು ಹಿಡಿದು ಎಳೆದರೆ ಭುಜದ ಕೀಲು ಜಾರುತ್ತದೆ. ಬಿ.ಪಿ., ರಕ್ತ ಪರೀಕ್ಷೆಗೂ ಎಡಗೈಯೇ ಇರಲಿ.

ಇಲ್ಲಿ ಒಂದು ತೊಡಕಿದೆ. ಊಟಕ್ಕೆ ತಲೆ ಎತ್ತಲೇಬೇಕು, ಆದರೆ ಎತ್ತಿದಾಗ ಮೈ ಕೆಳಗೆ ಜಾರಿ ಸೊಂಟದ ಹುಣ್ಣಿನ ಚರ್ಮ ಉಜ್ಜಿ ಹರಿಯುತ್ತದೆ. ಊಟ ಸರಿಯಾಗಿ ಹಾಕಿಯೂ, ಮಗ್ಗುಲು ಸರಿಯಾಗಿ ಬದಲಿಸಿಯೂ ಹುಣ್ಣು ಮಾಯದಿರುವುದಕ್ಕೆ ಬಹಳ ಸಲ ಇದೇ ಕಾರಣ. ಮೊದಲು ಮೊಣಕಾಲ ಕೆಳಗೆ ದಿಂಬು ಕೊಟ್ಟು ಕಾಲು ಮಡಿಸಿ, ಆಮೇಲೆ ತಲೆ ಎತ್ತಿ. ಊಟವಾಗಿ ಗಂಟೆ ಕಳೆದ ಮೇಲೆ ತಲೆಯ ಕಡೆಯನ್ನು 30 ಡಿಗ್ರಿಗಿಂತ ಕೆಳಗಿಳಿಸಿ.

ಹುಣ್ಣನ್ನು ನಾರ್ಮಲ್ ಸಲೈನಿನಿಂದ (ಬಾಟ್ಲಿಯಲ್ಲಿ ಸಿಗುವ ಶುದ್ಧ ಉಪ್ಪುನೀರು) ತೊಳೆದರೆ ಸಾಕು. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಬೇಡ, ಹೊಸದಾಗಿ ಬರುತ್ತಿರುವ ಮಾಂಸವನ್ನು ಕೆಡಿಸುತ್ತವೆ. ಅರಿಶಿನ ಪುಡಿಯೂ ಬೇಡ. ಆಳವಿಲ್ಲದ, ಕೀವಿಲ್ಲದ ಹುಣ್ಣಿಗೆ ಫೋಮ್ ಡ್ರೆಸ್ಸಿಂಗ್ ಹಾಕಿದರೆ ಮೂರರಿಂದ ಏಳು ದಿನ ಬಿಚ್ಚಬೇಕಿಲ್ಲ, ದಿನಾ ಹತ್ತಿ ಬಟ್ಟೆ ಕಿತ್ತು ಹಾಕುವುದಕ್ಕಿಂತ ಇದು ಮೇಲು. ವಾರಕ್ಕೊಮ್ಮೆ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ. ನಮ್ಮ ಚರ್ಮದ ಬಣ್ಣದಲ್ಲಿ ಕೆಂಪು ಸುಲಭಕ್ಕೆ ಕಾಣದು, ಬೆರಳಿಟ್ಟು ಬಿಸಿ, ಗಟ್ಟಿತನ ನೋಡಬೇಕು. ಒತ್ತಿದರೂ ಬಣ್ಣ ಮಾಸದ ಜಾಗವನ್ನು ತಿಕ್ಕಬಾರದು, ಆ ಮಗ್ಗುಲಿಗೆ ಮಲಗಿಸಬಾರದು. ನಡುವೆ ತೂತಿರುವ ಗಾಳಿ ಉಂಗುರವನ್ನು ಮೆಡಿಕಲ್ ಅಂಗಡಿಯವರು ಕೊಟ್ಟರೂ ತರಬೇಡಿ, ಸುತ್ತಲಿನ ರಕ್ತ ಓಡಾಟ ಅದು ನಿಲ್ಲಿಸುತ್ತದೆ.

ಪಂಪಿನಿಂದ ಗಾಳಿ ತುಂಬುವ ಏರ್ ಬೆಡ್ ತನ್ನಿ, ಆದರೆ ಅದು ಮಗ್ಗುಲು ಬದಲಿಸುವ ಕೆಲಸವನ್ನು ತಪ್ಪಿಸುವುದಿಲ್ಲ. ಅದರ ಕೆಳಗೆ, ಸೊಂಟದ ನೇರಕ್ಕೆ, ಅಂಗೈ ಮೇಲೆ ಮಾಡಿ ಕೈ ತೂರಿಸಿ. ಕೈಗೂ ಮೈಗೂ ನಡುವೆ ಒಂದಿಂಚು ಗಾಳಿಯಾದರೂ ಇರಬೇಕು.

ಕ್ಯಾಥೆಟರ್ ಉಳಿದರೆ: ಬ್ಯಾಗ್ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗೆ, ನೆಲಕ್ಕೆ ತಾಗದಂತೆ ಇರಲಿ. ಮಗ್ಗುಲು ಬದಲಿಸುವಾಗ ಅದನ್ನು ಹೊಟ್ಟೆಯ ಮೇಲಿಟ್ಟರೆ ಹಳೆಯ ಮೂತ್ರ ಹಿಂದಕ್ಕೆ ಹರಿದು ಸೋಂಕು ತರುತ್ತದೆ. ಕೊಳವೆ ಮತ್ತು ಬ್ಯಾಗಿನ ಜೋಡಣೆ ಬಿಚ್ಚಬೇಡಿ. ಮುಂದೊಗಲನ್ನು ಹಿಂದೆ ಸರಿಸಿ ತೊಳೆದರೆ ಮತ್ತೆ ಮುಂದಕ್ಕೆ ತರಲೇಬೇಕು, ಮರೆತರೆ ಊದಿಕೊಂಡು ತುರ್ತು ಸ್ಥಿತಿಯಾಗುತ್ತದೆ. ಲೇಟೆಕ್ಸ್ ಕ್ಯಾಥೆಟರ್ ಎರಡರಿಂದ ನಾಲ್ಕು ವಾರ, ಪೂರ್ಣ ಸಿಲಿಕೋನಿನದು ಹನ್ನೆರಡು ವಾರದವರೆಗೆ ಬರುತ್ತದೆ. ಒಳಗಿನ ಬಲೂನಿನಲ್ಲಿ ಸಾಮಾನ್ಯವಾಗಿ 10 ಎಂ.ಎಲ್. ನೀರಿರುತ್ತದೆ, ಅದನ್ನು ತೆಗೆಯದೆ ಎಳೆದರೆ ರಕ್ತ ಸುರಿಯುತ್ತದೆ. ಮಾವನವರು ಎಡಗೈಯಿಂದ ಎಳೆಯುವ ಅಭ್ಯಾಸದವರಾದರೆ ಕೊಳವೆಯನ್ನು ತೊಡೆಗೆ ಅಂಟಿಸಿ. ಮೂತ್ರ ಸ್ವಲ್ಪ ಮಬ್ಬಾದ ಮಾತ್ರಕ್ಕೆ, ಜ್ವರವಿಲ್ಲದಿದ್ದರೆ, ಆಂಟಿಬಯಾಟಿಕ್ ಬೇಡ.

‘ಶಕ್ತಿಗೆ ಒಂದು ಗ್ಲೂಕೋಸ್ ಬಾಟ್ಲಿ ಹಾಕಿಸಿಬಿಡಿ’ ಎನ್ನುವ ನೆಂಟರು ಬಂದೇ ಬರುತ್ತಾರೆ. 500 ಎಂ.ಎಲ್.ನ ಶೇಕಡ 5ರ ಡೆಕ್ಸ್‌ಟ್ರೋಸ್ ಬಾಟ್ಲಿಯಲ್ಲಿರುವುದು 25 ಗ್ರಾಂ ಸಕ್ಕರೆ, ಅಂದರೆ ಹೆಚ್ಚೆಂದರೆ 100 ಕ್ಯಾಲರಿ. ಒಂದು ಲೋಟ ಹಾಲಿನಲ್ಲಿ ಅದಕ್ಕಿಂತ ಹೆಚ್ಚಿದೆ. ಸಕ್ಕರೆ ಕಾಯಿಲೆಯವರಿಗೆ ಅದರಿಂದ ಸಕ್ಕರೆ ಏರುತ್ತದೆ, ಹೃದಯ ದುರ್ಬಲವಿದ್ದರೆ ಶ್ವಾಸಕೋಶಕ್ಕೆ ನೀರು ಸೇರುತ್ತದೆ. ನರಕ್ಕೆ ಕೊಡುವ ಯಾವ ಹೊಸ ಔಷಧದ ಮೊದಲ ಡೋಸೂ ಮನೆಯಲ್ಲಿ ಬೇಡ. ಅಲರ್ಜಿಯಾಗಿ ರಕ್ತದೊತ್ತಡ ಕುಸಿದರೆ ನಿಮಿಷಗಳಲ್ಲಿ ಅಡ್ರಿನಲಿನ್ ಕೊಡಬೇಕು. ಬಳಸಿದ ಸೂಜಿಗಳನ್ನು ತೋಟದ ಗೊಬ್ಬರಗುಂಡಿಗೆ ಎಸೆಯಬೇಡಿ. ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ತುಂಬಿದಾಗ ಆಸ್ಪತ್ರೆಗೆ ಒಪ್ಪಿಸಿ.

ಮಳೆಗಾಲದ ತಯಾರಿ ಜೂನ್‌ಗೆ ಮೊದಲೇ ಆಗಬೇಕು. ಗಾಳಿಗೆ ಮರ ಬಿದ್ದು ಮೆಸ್ಕಾಂ ಲೈನು ಹೋದರೆ ಒಳಹಳ್ಳಿಯಲ್ಲಿ ಕರೆಂಟು ಯಾವಾಗ ಬಂದೀತೆಂದು ಹೇಳಲಾಗದು. ಏರ್ ಬೆಡ್ ಪಂಪಿಗೆ ಬೇಕಾದ್ದು ಹತ್ತು ವ್ಯಾಟ್ ಆಸುಪಾಸು, ಮನೆಯ ಇನ್ವರ್ಟರ್ ಇಡೀ ದಿನ ಎಳೆಯುತ್ತದೆ. ಆಕ್ಸಿಜನ್ ಬೇಕಿರುವ ರೋಗಿಗಳ ಲೆಕ್ಕ ಬೇರೆ. ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸುವ ಐದು ಲೀಟರಿನ ಕಾನ್ಸೆಂಟ್ರೇಟರ್ ಯಂತ್ರ 300ರಿಂದ 400 ವ್ಯಾಟ್ ತಿನ್ನುತ್ತದೆ, 150 ಎ.ಎಚ್. ಬ್ಯಾಟರಿ ಮೂರು ನಾಲ್ಕು ಗಂಟೆಯ ಆಚೆಗೆ ನಿಲ್ಲುವುದಿಲ್ಲ. ಅಂಥ ಮನೆಯಲ್ಲಿ ಸಿಲಿಂಡರ್ ಇರಲೇಬೇಕು. 1,500 ಲೀಟರಿನ ಚಿಕ್ಕ ಸಿಲಿಂಡರ್ ನಿಮಿಷಕ್ಕೆ 2 ಲೀಟರಿನಂತೆ ಹನ್ನೆರಡು ಗಂಟೆ ಬರುತ್ತದೆ. ಬಚ್ಚಲ ಒಲೆ, ಅಗ್ಗಿಷ್ಟಿಕೆ, ದೇವರ ದೀಪ ಆಕ್ಸಿಜನ್‌ನಿಂದ ಹತ್ತಡಿ ದೂರವಿರಲಿ.

ಬಟ್ಟೆ ಒಣಗುವುದಿಲ್ಲ ಎಂಬುದು ಸಣ್ಣ ಮಾತಲ್ಲ. ಅರೆಒದ್ದೆ ಹಾಸಿಗೆಬಟ್ಟೆ ಚರ್ಮವನ್ನು ಮೆತ್ತಗೆ ಮಾಡಿ ಹುಣ್ಣಿಗೆ ದಾರಿ ಮಾಡುತ್ತದೆ, ತೊಡೆಸಂದಿಯಲ್ಲಿ ಬೂಷ್ಟಿನ (ಫಂಗಸ್) ಸೋಂಕು ಹಿಡಿಯುತ್ತದೆ. ಅಡಿಬಟ್ಟೆ ಎಂಟು ಹತ್ತಾದರೂ ಇರಲಿ, ಒಲೆಯ ಮೇಲಿನ ಬಿಸಿಗೆ ಒಣಗಿಸಿದರೂ ಹಾಸುವ ಮೊದಲು ಇಸ್ತ್ರಿ ಮಾಡಿ. ಸಕ್ಕರೆ ಪರೀಕ್ಷೆಯ ಪಟ್ಟಿಗಳ ಡಬ್ಬಿ ಭದ್ರವಾಗಿ ಮುಚ್ಚಿಡಿ, ತೇವ ತಾಗಿದ ಪಟ್ಟಿ ತಪ್ಪು ಅಂಕಿ ತೋರಿಸುತ್ತದೆ. 108 ಆಂಬುಲೆನ್ಸ್ ಎಲ್ಲಿಯವರೆಗೆ ಬರಬಲ್ಲದು ಎಂದು ಈಗಲೇ ನೋಡಿಟ್ಟುಕೊಳ್ಳಿ. ನಡುವೆ ಕಾಲುಸಂಕವಿದ್ದರೆ ಹೊತ್ತು ದಾಟಿಸಲು ಕೈಯಿರುವ ಗಟ್ಟಿ ಕುರ್ಚಿ, ನಾಲ್ವರು ಅಕ್ಕಪಕ್ಕದವರ ಫೋನ್ ನಂಬರು ಸಿದ್ಧವಿರಲಿ.

ಏಜೆನ್ಸಿಯ ಜೊತೆ ಮಾತು ಬರವಣಿಗೆಯಲ್ಲಿರಲಿ. ಬರುವವರ ಹೆಸರು, ತರಬೇತಿ, ಪೊಲೀಸ್ ಪರಿಶೀಲನೆ, ರಜೆ ಹಾಕಿದರೆ ಎಷ್ಟು ಗಂಟೆಯಲ್ಲಿ ಬದಲಿ, ಮುಂಗಡ ಹಣ ಯಾವಾಗ ವಾಪಸ್ ಎಂದು ಬರೆಸಿಕೊಳ್ಳಿ. ರೋಗಿ ಗಂಡಸಾದ್ದರಿಂದ ಎತ್ತಲು ಬಲವಿರುವ ಗಂಡು ಸಹಾಯಕರನ್ನೂ ಕೇಳಬಹುದು. ‘24 ಗಂಟೆ’ ಎಂಬ ಮಾತನ್ನು ನಂಬಬೇಡಿ. ಯಾರೂ ಹಗಲಿಡೀ ದುಡಿದು ರಾತ್ರಿ ಎರಡು ಗಂಟೆಗೊಮ್ಮೆ ಏಳಲಾರರು, ಎರಡನೆಯ ವಾರಕ್ಕೆ ಅವರು ಮಲಗುತ್ತಾರೆ, ಹುಣ್ಣು ಏಳುತ್ತದೆ. ಸಹಾಯಕರಿಗೆ ಎಂಟು ಗಂಟೆ ನಿದ್ದೆ, ವಾರಕ್ಕೊಂದು ರಜೆ ಕೊಟ್ಟು, ರಾತ್ರಿಯ ಮಗ್ಗುಲನ್ನು ನೀವೂ ಯಜಮಾನರೂ ಸರದಿಯಲ್ಲಿ ಹಂಚಿಕೊಳ್ಳಿ. ಕೊನೆಕೊಯ್ಲು ಬಂತೆಂದು ಅವರನ್ನು ಅಡಿಕೆ ಸುಲಿಯಲು, ಕೊಟ್ಟಿಗೆ ಕೆಲಸಕ್ಕೆ ಕರೆಯಬಾರದು. ಅವರ ಕೈ ಹುಣ್ಣನ್ನೂ ಊಟದ ಪೈಪನ್ನೂ ಮುಟ್ಟುವ ಕೈ.

ವಾರಕ್ಕೆರಡು ಸಲದ ನರ್ಸ್‌ಗೆ ತೀರ್ಥಹಳ್ಳಿಯ ಆಸ್ಪತ್ರೆಗಳಲ್ಲಿ, ನಿವೃತ್ತ ಸ್ಟಾಫ್ ನರ್ಸ್‌ಗಳಲ್ಲಿ ವಿಚಾರಿಸಿ. ನಿಮ್ಮ ಊರಿನ ಆಶಾ ಕಾರ್ಯಕರ್ತೆಗೂ, ಉಪಕೇಂದ್ರದ ಸಮುದಾಯ ಆರೋಗ್ಯಾಧಿಕಾರಿಗೂ ಮೊದಲೇ ತಿಳಿಸಿ. ಹಿರಿಯರ ಆರೈಕೆ, ನೋವು ನರಳಾಟ ಕಡಿಮೆ ಮಾಡುವ ಉಪಶಾಮಕ ಆರೈಕೆ ಅವರ ಕೆಲಸದ ಭಾಗ. ಅವರ ಮೂಲಕ ವೈದ್ಯರೊಡನೆ ಸರ್ಕಾರದ ಇ-ಸಂಜೀವನಿ ವಿಡಿಯೋ ಸಮಾಲೋಚನೆಗೂ ದಾರಿಯಿದೆ. ಆರೋಗ್ಯ ವಿಮೆ ಇದ್ದರೆ ಪಾಲಿಸಿಯಲ್ಲಿ ‘ಡೊಮಿಸಿಲಿಯರಿ’ ಎಂಬ ಭಾಗ ಓದಿ. ಆಸ್ಪತ್ರೆಯಲ್ಲಿ ಆಗಬೇಕಾದ ಚಿಕಿತ್ಸೆ ಮನೆಯಲ್ಲಿ ಮೂರು ದಿನ ಮೀರಿ ನಡೆದರೆ ಅದು ಅನ್ವಯಿಸಬಹುದು. ಸಹಾಯಕರ ತಿಂಗಳ ಸಂಬಳ ಸಾಮಾನ್ಯವಾಗಿ ಅದರಲ್ಲಿ ಬರುವುದಿಲ್ಲ.

ಒಂದು ನೋಟ್‌ಬುಕ್ ತಲೆದಿಂಬಿನ ಬಳಿ ಇರಲಿ. ಹೊತ್ತು, ಊಟದ ಪ್ರಮಾಣ, ಮೂತ್ರದ ಪ್ರಮಾಣ, ಮಲ, ಬಿ.ಪಿ., ಸಕ್ಕರೆ, ಜ್ವರ, ಯಾವ ಮಗ್ಗುಲು, ಬರೆದವರ ಸಹಿ. ಜ್ವರ 100.4 ದಾಟಿ ಚಳಿ ನಡುಕ ಬಂದರೆ, ಆಕ್ಸಿಮೀಟರ್ 92ಕ್ಕಿಂತ ಕೆಳಗಿಳಿದರೆ, ಬಿ.ಪಿ.ಯ ಮೇಲಿನ ಅಂಕಿ 90ಕ್ಕಿಂತ ಕಡಿಮೆಯಾದರೆ, ಕೊಳವೆ ಮಡಚಿರದಿದ್ದರೂ ನಾಲ್ಕು ಗಂಟೆ ಮೂತ್ರ ಬರದಿದ್ದರೆ, ಮಲ ಡಾಂಬರಿನಂತೆ ಕಪ್ಪಾದರೆ, ಹುಣ್ಣು ಕಪ್ಪಾಗಿ ನಾರಿದರೆ, ಒಂದೇ ಕಾಲಿನ ಮೀನಖಂಡ ಊದಿದರೆ, ಎಂದಿಗಿಂತ ಹೆಚ್ಚು ಮಂಪರು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ನೋಟ್‌ಬುಕ್, ಡಿಸ್ಚಾರ್ಜ್ ಹಾಳೆ ಎರಡನ್ನೂ ಜೊತೆಗೆ ಹಿಡಿದು ಹೊರಡಿ.